ಹಾಲಿನ ಹೊಂಡದ ಸಾಧ್ವಿ

ನಮ್ಮ ಲಾನ್‌ಡೆಗ್ವೆಲ್‌ನಲ್ಲಿ ಜೋನ್ಸ್‌ಗಳು ಎಷ್ಟಿದ್ದಾರೆಂದರೆ, ಬೀದಿಯಲ್ಲಿ ನಿಂತು ‘ಜೋನ್ಸ್’ ಎಂದು ಕೂಗಿದರೆ ನಾಯಿಗಳೂ ತಿರುಗಿ ನೋಡುತ್ತವೆ. ಹಾಗಾಗಿ ಇಲ್ಲಿ ಮಾಡುವ ಕೆಲಸವೇ ಮನೆತನದ ಹೆಸರು. ಮಾಂಸದಂಗಡಿ ಎಮ್ರಿಸ್, ಅಂಚೆ ನೆಸ್ಟಾ, ಗೋರಿ ಹ್ಯೂ. ಇಡ್ವಾಲ್ ಜೋನ್ಸ್ ಬಸ್ಸು ಓಡಿಸುತ್ತಿದ್ದಷ್ಟು ಕಾಲ ಬಸ್ ಇಡ್ವಾಲ್ ಆಗಿದ್ದ. ಆಮೇಲೆ ಬಾವಿ ಇಡ್ವಾಲ್ ಆದ. ಈ ಎರಡನೆಯ ಹೆಸರನ್ನು ಅವನು ಆಸೆಪಟ್ಟು ಸಂಪಾದಿಸಿಕೊಂಡ. ಅದನ್ನು ಕಳಚಿಕೊಳ್ಳಲು ಪಟ್ಟ ಪಾಡನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ಇಡ್ವಾಲಜ್ಜನ ಮನೆ ನಮ್ಮ ಮನೆಗೆ ಎದುರು. ನಡುವೆ ಒಂದು ಕಿರುದಾರಿ; ಕುರಿ ಬಂದಾಗ ಅದೂ ಕುರಿಗಳದ್ದೇ. ನಾನು ಕಾರ್ಡಿಫ್ ನಗರದಲ್ಲಿ ಓದಿ ಬೆಳೆದು, ಮದುವೆಯಾಗಿ ಇಲ್ಲಿಗೆ ಬಂದವಳು. ಮಗ ಟೋಮೋ ಹುಟ್ಟಿದ ಮೇಲಂತೂ ಕಿಟಕಿಯ ಬಳಿಯೇ ನನ್ನ ಠಿಕಾಣಿ. ಅವನು ಕೆಮ್ಮಿದರೆ ಭಯ, ಕೆಮ್ಮದಿದ್ದರೆ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಭಯ. ಎದುರು ಮನೆಯ ಹೆಂಚಿನ ಮೇಲೆ ಕಾಗೆ ಎಷ್ಟು ಹೊತ್ತು ಕೂತಿತ್ತು ಎಂಬುದೂ ನನಗೆ ಗೊತ್ತಿರುತ್ತದೆ. ಆ ಮನೆಯ ಮುಂಭಾಗದಲ್ಲೇ ಅಜ್ಜನ ಹೆಂಡತಿ ಕೈನ್ವೆನಜ್ಜಿಯ ಚಹಾದಂಗಡಿ. ಹಳೇ ಚರ್ಚಿನ ಬೀಗದಕೈ ಅವಳ ಚಹಾ ಡಬ್ಬಿಗಳ ಪಕ್ಕದ ಮೊಳೆಗೆ ನೇತುಬಿದ್ದಿರುತ್ತದೆ. ಊರು ನೋಡಲು ಬಂದವರು ಅಲ್ಲಿಗೆ ಬಂದೇ ಬರಬೇಕು, ಬಂದ ಮೇಲೆ ಚಹಾ ಕುಡಿಯಲೇಬೇಕು.

ಅಜ್ಜ ಕುಳ್ಳ. ದಶಕಗಟ್ಟಲೆ ಬಸ್ಸಿನ ಕಿಟಕಿಗೆ ಒರಗಿಸಿದ್ದರಿಂದ ಬಲಗೈ ಎಡಗೈಗಿಂತ ಒಂದು ಬಣ್ಣ ಹೆಚ್ಚು ಕಪ್ಪು. ದನಿಯೊಂದು ಮಾತ್ರ ದೊಡ್ಡದು, ಹಿಂದಿನ ಸೀಟಿನ ಮುದುಕಿಗೂ ನಿಲ್ದಾಣದ ಹೆಸರು ಮುಟ್ಟಿಸಿ ಪಳಗಿದ್ದು. ಇಂಥ ದನಿಯಿದ್ದೂ ಊರಿನ ಹಾಡು-ಪದ್ಯಗಳ ಸ್ಪರ್ಧೆಯಲ್ಲಿ ಅವನು ಒಮ್ಮೆಯೂ ಗೆದ್ದವನಲ್ಲ. ಗೆದ್ದವರ ಕೊರಳಿಗೆ ಪಟ್ಟಿ ಕಟ್ಟಿದ ಪುಟ್ಟ ಕಸೂತಿ ಚೀಲ ಹಾಕುವುದು ನಮ್ಮಲ್ಲಿ ರೂಢಿ. ಕೈನ್ವೆನಜ್ಜಿಯ ಬೀರುವಿನಲ್ಲಿ ಅವು ಬೆಳ್ಳುಳ್ಳಿ ಗೊಂಚಲಿನ ಹಾಗೆ ತೂಗುತ್ತಿವೆ, ಎಲ್ಲವೂ ಅವಳವು. ಅಜ್ಜ ಚಿಕ್ಕಂದಿನಿಂದ ಪ್ರತಿ ವರ್ಷ ವೇದಿಕೆ ಹತ್ತಿ, ಪದ್ಯದ ಅದೇ ಸಾಲಿನಲ್ಲಿ ಮರೆತು, ಇಳಿದು ಬರುತ್ತಿದ್ದನಂತೆ.

“ಬೇರೆಯವ್ರು ಬರ್ದಿದ್ದು ಇವ್ರ ಬಾಯಲ್ಲಿ ನಿಲ್ಲಲ್ಲ ಕಣೇ ಮೆನ್ನಾ,” ಎಂದು ಅಜ್ಜಿ ನನಗೆ ಹೇಳಿದ್ದಳು. “ತಾವೇ ಕಟ್ಟಿದ್ದಾದ್ರೆ ಹೇಳು, ಸೂರ್ಯ ಮುಳುಗಿದ್ರೂ ನಿಲ್ಸಲ್ಲ.”

ಅವನು ಕಟ್ಟಿದ್ದು ಒಬ್ಬ ಸಾಧ್ವಿಯನ್ನು.

ನಿವೃತ್ತಿಗೆ ಮುಂಚಿನ ವರ್ಷ ಅಜ್ಜ ಒಂದು ತಂಡವನ್ನು ಕಡಲ ದಂಡೆಯ ದೊಡ್ಡ ಕೋಟೆಗೆ ಕರೆದೊಯ್ಯುತ್ತಿದ್ದನಂತೆ. ಎಲ್ಲರೂ ರಿಟೈರಾದ ಮೇಷ್ಟ್ರುಗಳು. ಬಸ್ಸು ಕೆಟ್ಟು ನಿಂತದ್ದು ಸರಿಯಾಗಿ ನಮ್ಮೂರಲ್ಲಿ. ಜಿಟಿಜಿಟಿ ಮಳೆ. ಮೇಷ್ಟ್ರುಗಳು ಗೊಣಗಲು ಶುರುಮಾಡಿದರು. ಇವನು ಬೀಗದಕೈ ತಂದು ಚರ್ಚು ತೋರಿಸಿದ. ಗುಡ್ಡದ ಮೇಲಿನ ಮೋಟುಗೋಪುರ ತೋರಿಸಿದ. ಹೊಲದ ನಡುವೆ ಮೂರು ಕಾಲಿನ ಮೇಲೆ ನಿಂತ ಕಲ್ಲುಚಪ್ಪಡಿಯನ್ನೂ ತೋರಿಸಿದ. ಅಷ್ಟಾದರೂ ಮೆಕ್ಯಾನಿಕ್ ಬರಲಿಲ್ಲ. ಆಗ ಒಬ್ಬ ಹೆಂಗಸು ಕೇಳಿದಳಂತೆ: “ಊರ ಹೆಸರಲ್ಲಿರೋ ಈ ತೆಗ್ವೆಲ್ ಅಂದ್ರೆ ಯಾರು?”

ಇದು ಕೇಳಬಾರದ ಪ್ರಶ್ನೆ. ನಮ್ಮ ನಾಡಿನಲ್ಲಿ ಒಂದೊಂದು ಹಳ್ಳಿಗೂ ಒಬ್ಬ ಸಂತನ ಹೆಸರಿದೆ; ‘ಲಾನ್’ ಎಂದರೆ ಚರ್ಚು, ಅದರ ಬೆನ್ನಿಗೆ ಬಂದ ತೆಗ್ವೆಲ್ ನಮ್ಮ ನುಡಿಯಲ್ಲಿ ಡೆಗ್ವೆಲ್ ಆಗುತ್ತದೆ. ಆ ಸಂತ ಏನು ಮಾಡಿದ, ಯಾವಾಗ ಸತ್ತ, ಅರ್ಧಕ್ಕರ್ಧ ಊರುಗಳಲ್ಲಿ ಯಾರಿಗೂ ಗೊತ್ತಿಲ್ಲ. ತೆಗ್ವೆಲ್ ಗಂಡೋ ಹೆಣ್ಣೋ ಎಂಬುದು ಪಾದ್ರಿಗೂ ತಿಳಿಯದು. ಅಜ್ಜನ ಕಣ್ಣಿಗೆ ಚರ್ಚಿನ ಹಿಂದಿನ ಹೊಂಡ ಬಿತ್ತು. ಅವನ ಅಪ್ಪ ಹಾಲಿನ ಕ್ಯಾನುಗಳನ್ನು ತಣ್ಣಗಿಡುತ್ತಿದ್ದ, ನೆಲದಿಂದ ನೀರು ಉಕ್ಕುವ ಊಟೆಯ ಹೊಂಡ. ಸುತ್ತ ಕಲ್ಲು ಕಟ್ಟಿದ್ದನ್ನು ಬಿಟ್ಟರೆ ಅದಕ್ಕೆ ಬೇರೆ ಚರಿತ್ರೆಯಿಲ್ಲ. ಪಕ್ಕದಲ್ಲೊಂದು ಬಾಗಿದ ಮುಳ್ಳುಮರ.

“ತೆಗ್ವೆಲ್ ಕುರಿ ಕಾಯೋ ಹುಡ್ಗಿ,” ಎಂದು ಶುರುಮಾಡಿದನಂತೆ. “ಹುಟ್ಟು ಮೂಗಿ.”

ಆಮೇಲೆ ತೋಳ ಬಂತು. ಕೂಗಲು ಬಾಯಿಲ್ಲದ ಹುಡುಗಿ ಓಡಿ ಬಿದ್ದದ್ದು ಇದೇ ಊಟೆಯಲ್ಲಿ. ನೀರು ಗಂಟಲಿಗಿಳಿದದ್ದೇ ತಡ ಅವಳು ಹಾಕಿದ ಕೂಗಿಗೆ ತೋಳ ಕಲ್ಲಾಯಿತು. ಹೊಲದಲ್ಲಿ ಮೂರು ಕಾಲಿನ ಮೇಲೆ ನಿಂತಿರುವುದು ಅದೇ, ನಾಲ್ಕನೆಯ ಕಾಲನ್ನು ಓಡಲು ಎತ್ತಿತ್ತು. ಅಂದಿನಿಂದ ಮಾತು ತಡವಾದ ಮಕ್ಕಳ ತಾಯಂದಿರು ಇಲ್ಲಿ ಮಗುವಿನ ತುಟಿ ಒದ್ದೆ ಮಾಡಿ, ಅದರ ಕಾಲುಚೀಲವನ್ನು ಮುಳ್ಳುಮರಕ್ಕೆ ಕಟ್ಟುತ್ತಾರೆ. ಕಾಲುಚೀಲ ಗಾಳಿಮಳೆಗೆ ಸವೆದಂತೆ ನಾಲಗೆ ಸಡಿಲವಾಗುತ್ತದೆ.

ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು. ಮಳೆಯಲ್ಲಿ ನಿಂತು ತಟ್ಟಿದರು. ಅಂದು ಮನೆಗೆ ಬಂದ ಅಜ್ಜನ ಮುಖ ನೋಡಿ ಅಜ್ಜಿ, “ಯಾಕ್ರೀ, ಕೊನೆಗೂ ಚೀಲ ಗೆದ್ರಾ?” ಎಂದು ಕೇಳಿದಳಂತೆ.

ಕತೆ ಅವನ ಕೈಮೀರಿ ನಡೆಯಿತು. ಯಾರೋ ಯಾರಿಗೋ ಹೇಳಿದರು, ಹೊಂಡ ಪವಿತ್ರ ಬಾವಿಯಾಯಿತು, ಅಜ್ಜ ಬಾವಿ ಇಡ್ವಾಲ್ ಆದ. ನಾನು ಮದುವೆಯಾಗಿ ಬರುವ ಹೊತ್ತಿಗೆ ಮುಳ್ಳುಮರ ತುಂಬ ಪುಟ್ಟ ಪುಟ್ಟ ಕಾಲುಚೀಲಗಳಿದ್ದವು. ಊರಿಗೆಲ್ಲ ನಿಜ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಕೋಟೆಗೆಂದು ಹೋಗುವ ಕಾರುಗಳು ಈಗ ಇಲ್ಲೂ ನಿಲ್ಲುತ್ತಿದ್ದವು, ಎಮ್ರಿಸನ ಅಂಗಡಿ ಮುಚ್ಚುವುದು ತಪ್ಪಿತ್ತು. ಅಜ್ಜನ ಕುಟುಂಬ ತಲೆತಲಾಂತರದಿಂದ ಚಾಪೆಲ್‌ಗೆ, ಅಂದರೆ ಹಳೇ ಚರ್ಚನ್ನು ಬಿಟ್ಟು ಬಂದ ಪಂಗಡದ ಪ್ರಾರ್ಥನಾಮಂದಿರಕ್ಕೆ, ಹೋಗುವವರು. ಚಾಪೆಲ್‌ನವರು ಸಂತರನ್ನು ನಂಬುವುದಿಲ್ಲ. “ನಂಬದಿರೋನ್ ಹೊಟ್ಟೇಲೇ ಸಾಧ್ವಿ ಹುಟ್ಟಿದ್ಲು ನೋಡು,” ಎಂದು ಎಮ್ರಿಸ್ ಕಿಚಾಯಿಸುತ್ತಿದ್ದ. “ಹೆರಿಗೆ ಕಷ್ಟವಾಯ್ತೇನೋ ಇಡ್ವಾಲ್?” ಅಜ್ಜನೂ ನಗುತ್ತಿದ್ದ. ಅದು ಹೆಲೆದ್ ಬರುವ ತನಕ.

ಹೆಲೆದ್ ಎರಡು ಕಣಿವೆಯಾಚೆಯ ಪೇಟೆಯವಳು, ನನ್ನ ವಯಸ್ಸೇ ಇರಬೇಕು. ಮಗಳು ಮಾಬ್ಲಿಗೆ ಮೂರು ತುಂಬುತ್ತಾ ಬಂದಿದ್ದರೂ ಒಂದು ಮಾತಿಲ್ಲ. ಗುಂಗುರು ಕೂದಲಿನ ಚುರುಕು ಹುಡುಗಿ. ನಿಮ್ಮ ಮುಖವನ್ನೇ ಓದುವವಳ ಹಾಗೆ ನೋಡುತ್ತಾಳೆ. ಹಿಂದಿನ ಚಳಿಗಾಲದಿಂದ ಶನಿವಾರ ತಪ್ಪಿದರೂ ಹೆಲೆದ್ ತಪ್ಪುತ್ತಿರಲಿಲ್ಲ. ಬಸ್ಸಿಳಿದು, ಹೊಂಡಕ್ಕೆ ಹೋಗಿ, ಹೊಸ ಕಾಲುಚೀಲ ಕಟ್ಟಿ, ಅಜ್ಜಿಯ ಅಂಗಡಿಗೆ ಬಂದು ಒಣದ್ರಾಕ್ಷಿ ರೊಟ್ಟಿಗೆ ಬೆಣ್ಣೆ ಸವರಿ ಮಗಳಿಗೆ ತಿನ್ನಿಸಿ, ಮುಂದಿನ ಬಸ್ಸಿಗೆ ಹೋಗುತ್ತಿದ್ದಳು. ತೇವದ ಹುಲ್ಲಿನ ಮೇಲೆ ಆ ಮಗು ಒಂದೇ ಕಾಲುಚೀಲದಲ್ಲಿ ನಡೆಯುವುದನ್ನು ನೋಡಿ ನಾನು ಟೋಮೋನ ಕಾಲುಚೀಲ ಮೇಲಕ್ಕೆಳೆಯುತ್ತಿದ್ದೆ. ಶೀತವಾದರೆ?

ಮಾರ್ಚ್ ತಿಂಗಳ ಒಂದು ಶನಿವಾರ ನಾನು ಟೋಮೋನನ್ನು ಎತ್ತಿಕೊಂಡು ಅಂಗಡಿಯಲ್ಲಿ ಕೂತಿದ್ದೆ. ಹೆಲೆದ್ ಎದುರಿನ ಕುರ್ಚಿಗೆ ಬಂದಳು. ಇಬ್ಬರು ತಾಯಂದಿರು ಕೂತರೆ ಇನ್ನೇನು ಮಾತು? ಹಲ್ಲು, ಭೇದಿ, ನಿದ್ದೆ. ಆಮೇಲೆ ಅವಳು ಸಹಜವಾಗಿ, ಸಕ್ಕರೆ ಕಲಕುತ್ತಾ ಹೇಳಿದಳು:

“ಆಸ್ಪತ್ರೇಲಿ ಕಿವಿ ಪರೀಕ್ಷೆಗೆ ಕರ್ದಿದ್ರು. ಎರಡ್ ಸಲ ಮುಂದಕ್ಕೆ ಹಾಕ್ಸಿದೀನಿ.”

“ಯಾಕ್ರೀ?”

“ಹುಟ್ಟಿದಾಗ ಮಾಡಿದ್ ಪರೀಕ್ಷೇಲಿ ಸರಿಯಾಗಿತ್ತಲ್ಲ. ಮತ್ತೇನಕ್ಕೆ? ಇವ್ಳಿಗೆ ಕೇಳ್ಸತ್ತೆ. ಆವತ್ತು ಹೊಂಡದ ಹತ್ರ ನಾನು ಹಿಂದಿನಿಂದ ಹೆಸ್ರು ಹಿಡ್ದು ಕೂಗ್ದೆ, ತಿರುಗಿ ನೋಡಿದ್ಲು. ಇಡ್ವಾಲವ್ರೇ ಸಾಕ್ಷಿ. ‘ತೆಗ್ವೆಲ್ ಕೈಬಿಡಲ್ಲಮ್ಮಾ’ ಅಂದ್ರು. ಸ್ವಲ್ಪ ಸ್ವಲ್ಪವೇ ಬರ್ತಿದೆ. ಈಗ್ ಹೋಗಿ ಡಾಕ್ಟ್ರು ಏನಾದ್ರೂ ಅಂದ್ಬಿಟ್ರೆ...”

ಆ ‘ಅಂದ್ಬಿಟ್ರೆ’ ನನಗೆ ಚೆನ್ನಾಗಿ ಪರಿಚಯದ್ದು. ಆದರೆ ಚಿಕ್ಕ ಮಕ್ಕಳ ಕಿವಿ ವಿಷಯದಲ್ಲಿ ತಡ ಮಾಡಬಾರದು ಎಂದು ನಾನು ಎಲ್ಲೆಲ್ಲೋ ಓದಿದ್ದೆ. ನಾನು ಓದದ ಕಾಯಿಲೆಯೇ ಇಲ್ಲ. ಹುಟ್ಟಿದಾಗ ಇದ್ದ ಕೇಳುವಿಕೆ ಆಮೇಲೆ ಕುಂದುವುದೂ ಉಂಟು. “ಹೋಗಿ ಬನ್ನಿ, ಒಳ್ಳೇದು” ಎಂದೆ. ಅವಳು ನಕ್ಕು ಮಗಳ ಬಾಯಿ ಒರೆಸಿದಳು.

ಅವಳು ಹೋದದ್ದೇ ತಡ ನಾನು ಅಜ್ಜನ ಬಳಿಗೆ ಹೋದೆ. ಅವನು ಹಿತ್ತಲಲ್ಲಿ ಈರುಳ್ಳಿ ಜಾತಿಯ ಲೀಕ್ ಸಸಿಗಳಿಗೆ ಮಣ್ಣು ಏರಿಸುತ್ತಿದ್ದ. ಹೇಳಿದೆ. ಗುದ್ದಲಿ ನಿಂತಿತು.

“ಪರೀಕ್ಷೆ ಮುಂದಕ್ಕೆ ಹಾಕ್ಸಿದಾಳಾ? ನನ್ ಮಾತು ಕೇಳ್ಕೊಂಡಾ?”

“ಮಾಬ್ಲಿ ತಿರುಗಿ ನೋಡಿದ್ಲಂತೆ. ನೀವೇ ಸಾಕ್ಷಿಯಂತೆ.”

ಅಜ್ಜ ಗೋಡೆಯ ಮೇಲೆ ಕೂತ. ಆ ದೊಡ್ಡ ದನಿ ಎಲ್ಲಿ ಹೋಯಿತೋ.

“ತಿರುಗಿ ನೋಡಿದ್ದು ನಿಜ ಮರಿ. ಎಮ್ರಿಸನ ನಾಯಿ ಹಿಂದಿನಿಂದ ಬಂತು. ಅದರ ನೆರಳು ನೀರಿನ ಮೇಲೆ ಬಿತ್ತು. ಮಗು ನೆರಳು ನೋಡಿ ತಿರುಗ್ತು. ಅವ್ರಮ್ಮ ಅದೇ ಹೊತ್ತಿಗೆ ಕೂಗಿದ್ಲು. ನಾನು ನಾಯೀನೂ ನೋಡ್ದೆ, ನೆರಳನ್ನೂ ನೋಡ್ದೆ.”

“ಮತ್ತೆ ಹೇಳ್ಬಾರ್ದಿತ್ತಾ?”

“ಅವಳ ಮುಖ ನೋಡಿದ್ರೆ ನೀನೂ ಹೇಳ್ತಿರ್ಲಿಲ್ಲ.” ಅವನು ಕೈಯ ಮಣ್ಣನ್ನು ತಿಕ್ಕುತ್ತಲೇ ಇದ್ದ. “ಬರೀ ಸುಮ್ನಿದ್ದಿದ್ರೂ ಆಗ್ತಿತ್ತು. ‘ತೆಗ್ವೆಲ್ ಕೈಬಿಡಲ್ಲ’ ಅಂತ ಬೇರೆ ಅಂದೆ. ಕತೆ ಹೇಳಿದ್ದು ತಮಾಷೆ ಮೆನ್ನಾ. ಅದು ತಮಾಷೆ. ಆದ್ರೆ ಆವತ್ತು ಅಂದಿದ್ದು...”

ನಾನೇ ಹೆಲೆದ್‌ಗೆ ಹೇಳಿಬಿಡಬಹುದಲ್ಲ ಎಂದು ಆ ರಾತ್ರಿಯೆಲ್ಲ ಅನ್ನಿಸಿತು. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ, ತೊಡೆಯ ಮೇಲೆ ಶಬ್ದ ಬಂದ ಕಡೆಯೆಲ್ಲ ತಿರುಗುವ ತನ್ನ ಮಗುವನ್ನು ಕೂರಿಸಿಕೊಂಡು, ಹೇಗೆ ಹೇಳುವುದು? ಅಜ್ಜ ಹೇಳುತ್ತೇನೆಂದ. ನಾನು ನಂಬಿದೆ. ಅವನು ಹೇಳಿದ್ದೂ ನಿಜ; ಆದರೆ ಹೇಳಿದ್ದು ಚಾಪೆಲ್‌ನಲ್ಲಿ.

ನಮ್ಮ ಹೆಬ್ರೋನ್ ಚಾಪೆಲ್‌ನಲ್ಲಿ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಸದಸ್ಯರು ಮಾತ್ರ ಉಳಿಯುವ ಹಳೆಯ ಪದ್ಧತಿಯಿದೆ. ಮನಸ್ಸಿನಲ್ಲಿ ಭಾರವಿದ್ದವರು ಎದ್ದು ನಿಂತು, ಮುಂದಿನ ದೊಡ್ಡ ಪೀಠದಲ್ಲಿ ಕೂತ ಹಿರಿಯರೆದುರು ಹೇಳಿಕೊಳ್ಳಬೇಕು. ಹಿಂದೆ ಕುಡಿದವರು, ಮದುವೆಗೆ ಮುಂಚೆ ಬಸಿರಾದವರು, ದುಡಿಯಬಾರದ ಭಾನುವಾರ ಹುಲ್ಲು ಕೊಯ್ದವರು ಎಲ್ಲರೂ ಹೀಗೆ ನಿಂತವರೇ. ಈಗ ಯಾರೂ ನಿಲ್ಲುವುದಿಲ್ಲ. ಮುಂದಿನ ವಾರ ಹೂವು ಯಾರದು, ಛಾವಣಿ ಸೋರುವುದಕ್ಕೆ ಏನು ಮಾಡುವುದು ಎಂದು ಮಾತಾಡಿ ಎದ್ದು ಹೋಗುತ್ತಾರೆ. ಹಾಗಾಗಿ ಇಡ್ವಾಲಜ್ಜ ಟೋಪಿ ಹಿಡಿದುಕೊಂಡು ಎದ್ದು ನಿಂತಾಗ ಎಲ್ಲರೂ ಛಾವಣಿಯ ವಿಷಯವೆಂದೇ ತಿಳಿದರು.

“ನಾನೊಂದು ಸುಳ್ಳು ಹೇಳಿದೀನಿ,” ಎಂದ. ಮರದ ಬೆಂಚುಗಳೆಲ್ಲ ಒಮ್ಮೆ ಕಿರುಗುಟ್ಟಿದವು. “ತೆಗ್ವೆಲ್ ಕತೆ ನನ್ನದು. ಅದು ಹಾಲಿನ ಹೊಂಡ.”

ಹಿರಿಯರಲ್ಲಿ ಒಬ್ಬನಾದ ಗೋರಿ ಹ್ಯೂ ಕಿವಿಯ ಹಿಂದೆ ಕೈಯಿಟ್ಟುಕೊಂಡ. “ಇದೇನಪ್ಪಾ ಹೊಸಾ ವಿಷಯ? ನಿಮ್ಮಪ್ಪನ ಕ್ಯಾನು ಅಲ್ಲಿಂದ ಎತ್ತಿ ಕೊಟ್ಟೋನು ನಾನೇ ಅಲ್ವೇನೋ.”

ಯಾರೋ ನಕ್ಕರು. ಅಂಚೆ ನೆಸ್ಟಾ, “ಕೂತ್ಕೋ ಇಡ್ವಾಲ್, ಅದು ಪಾಪ ಅಲ್ಲ, ಪ್ರವಾಸೋದ್ಯಮ,” ಎಂದಳು. ನಗು ದೊಡ್ಡದಾಯಿತು. ಅಜ್ಜ ನಿಂತೇ ಇದ್ದ, ನಗಲಿಲ್ಲ. ಆಗ ಹ್ಯೂ ಎದ್ದು ಬಂದು ಅವನ ಭುಜ ತಟ್ಟಿ, ದೇವರು ಬಲ್ಲ, ನಾವೂ ಬಲ್ಲೆವು, ಎಲ್ಲ ಕ್ಷಮೆಯಾಗಿದೆ ಎಂದ. ಇಂಥ ಸಂದರ್ಭಕ್ಕೆ ನಮ್ಮ ಊರಿನಲ್ಲಿ ಒಂದೇ ಮದ್ದು: ಹಾಡು. ಯಾರೋ ಶ್ರುತಿ ಹಿಡಿದರು, ನಾಲ್ಕು ದನಿಗಳು ನಾಲ್ಕು ದಾರಿಯಲ್ಲಿ ಹೋಗಿ ಮೇಲೆಲ್ಲೋ ಕೂಡಿಕೊಂಡವು, ಟೋಮೋ ಬಾಯಿ ತೆರೆದು ನೋಡಿದ. ಅಜ್ಜನ ಕೆನ್ನೆ ಒದ್ದೆಯಾಗಿತ್ತು. ಹೊರಬರುವಾಗ ಅವನು ಗರಿಯಂತೆ ಹಗುರಾಗಿ ಎಲ್ಲರ ಕೈ ಕುಲುಕುತ್ತಿದ್ದ.

ಕೈನ್ವೆನಜ್ಜಿ ಮಾತ್ರ ಬಾಗಿಲ ಬಳಿ ಕೈಗವಸು ಹಾಕಿಕೊಳ್ಳುತ್ತಾ ನಿಂತಿದ್ದಳು.

“ನಾಯಿ ವಿಷಯ ಹೇಳ್ಲಿಲ್ಲ ನೀವು,” ಎಂದಳು.

“ಯಾವ ನಾಯಿ?”

“ಎಮ್ರಿಸನ ನಾಯಿ. ಆವತ್ತು ಚಹಾ ತಟ್ಟೆ ಹಿಡ್ಕೊಂಡು ನಾನೂ ಹಿಂದೇನೇ ಇದ್ದೆ ಮುದುಕಪ್ಪಾ. ನನಗೂ ಕಣ್ಣಿದೆ. ನಾನೂ ಸುಮ್ನಿದ್ದೆ, ಅವಳು ಬಂದ್ರೆ ಅಂಗ್ಡಿಗೂ ಬರ್ತಾಳೆ ಅಂತ. ಇರ್ಲಿ.” ಗುಂಡಿ ಹಾಕಿಕೊಂಡಳು. “ನೀವು ಸುಳ್ಳು ಹೇಳಿದ್ದು ಇವ್ರಿಗಾ? ಇವ್ರು ಯಾರ್ರೀ ಕ್ಷಮ್ಸೋಕೆ? ಹ್ಯೂಗೆ ಮೂಗ ಮಗು ಇದೆಯಾ?”

ಅಜ್ಜನ ಮುಖದಿಂದ ಹಾಡು ಇಳಿದು ಹೋದದ್ದನ್ನು ನಾನು ನೋಡಿದೆ.

ಮುಂದಿನ ಶನಿವಾರ ಹೆಲೆದ್ ಬಂದಳು. ಮಾಬ್ಲಿಯ ಕಾಲಿಗೆ ಹಳದಿ ಬಣ್ಣದ ಹೊಸ ಕಾಲುಚೀಲ. ಅಜ್ಜ ಬಸ್ ನಿಲ್ದಾಣದಲ್ಲೇ ಕಾದಿದ್ದ. “ನೀನೂ ಬಾ ಮರಿ” ಎಂದು ನನ್ನನ್ನು ಮೊದಲೇ ಕರೆದಿದ್ದ. ಒಬ್ಬನೇ ಹೋದರೆ ದಾರಿಯಲ್ಲೇ ಮನಸ್ಸು ಬದಲಾಗುತ್ತದೆಂಬ ಹೆದರಿಕೆ ಇರಬೇಕು. ನಾವು ಚರ್ಚಿನ ಅಂಗಳದ ಹಳೆಯ ಯೂ ಮರಗಳ ನಡುವೆ ಹೊಂಡದವರೆಗೆ ನಡೆದೆವು. ಅವಳು ಬಗ್ಗಿ ನೀರು ತೆಗೆದು ಮಗಳ ತುಟಿಗೆ ಸವರಿದಳು. ಕಾಲುಚೀಲ ಬಿಚ್ಚಲು ಕೈ ಹಾಕಿದಾಗ ಅಜ್ಜ ತಡೆದ.

“ಬೇಡಮ್ಮ. ಕಟ್ಬೇಡ. ಇದು ಬಾವಿಯಲ್ಲ. ಇದರಲ್ಲಿ ನಮ್ಮಪ್ಪ ಹಾಲಿನ ಕ್ಯಾನು ಇಡ್ತಿದ್ದ. ತೆಗ್ವೆಲ್ ಅನ್ನೋ ಹುಡ್ಗಿ ಇರ್ಲಿಲ್ಲ. ನಾನು ಕಟ್ಟಿದ್ದು.”

ಹೆಲೆದ್ ಮೊದಲು ನಕ್ಕಳು. “ಇರ್ಲಿ ಬಿಡಿ. ಹಳೇ ಕತೆಗಳೆಲ್ಲ ಯಾರೋ ಕಟ್ಟಿದ್ದೇ ಅಲ್ವಾ? ನೀರು ಕೆಲ್ಸ ಮಾಡಿದ್ರೆ ಸಾಕು.”

“ಮಾಡಿಲ್ಲ.”

“ಮಾಡಿದೆ. ನೀವೇ ನೋಡಿದ್ರಿ. ತಿರುಗಿ ನೋಡಿದ್ಲು.”

ಅಜ್ಜ ನಾಯಿಯ ವಿಷಯ ಹೇಳಿದ. ನೆರಳಿನ ವಿಷಯ ಹೇಳಿದ. ಅವಳ ಮುಖ ಬಿಗಿಯಿತು. “ಇಲ್ಲ,” ಎಂದಳು. “ನನ್ ಮಗಳ ವಿಷ್ಯ ನನಗ್ ಗೊತ್ತಿಲ್ವಾ? ಇವಳಿಗೆ ಕೇಳ್ಸತ್ತೆ. ಮನಸ್ಸು ಬಂದಾಗ ತಿರುಗ್ತಾಳೆ. ಹಟಮಾರಿ, ಅಷ್ಟೇ.”

ಅಜ್ಜ ಜೇಬಿನಿಂದ ಚರ್ಚಿನ ಬೀಗದಕೈ ತೆಗೆದ. ಅದನ್ನು ಯಾಕೆ ತಂದಿದ್ದಾನೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಚರ್ಚಿನ ಒಳಗೆ ತಂಪು, ಮೇಣದ ವಾಸನೆ. ಬಲಿಪೀಠದ ಮುಂದಿನ ಹಳೆಯ ಮರದ ತಡಿಕೆಯ ಮೇಲೆ ಬಳ್ಳಿಗಳ ನಡುವೆ ಒಂದು ಮೊಲ ಕೆತ್ತಿದೆ; ನೋಡಲು ಬಂದ ಮಕ್ಕಳು ಸವರಿ ಸವರಿ ಅದರ ಕಿವಿ ನುಣುಪಾಗಿದೆ. ಮಾಬ್ಲಿ ಓಡಿ ಹೋಗಿ ಅದರೆದುರು ನಿಂತಳು, ಬೆನ್ನು ನಮ್ಮ ಕಡೆಗೆ. ಅಜ್ಜ ಬಾಗಿಲ ಪಕ್ಕದ ಗಂಟೆಯ ಹಗ್ಗದ ಬಳಿಗೆ ಹೋದ. ಹೆಲೆದ್‌ಳ ಮುಖ ನೋಡಿದ. ಅವಳು ಬೇಡವೆನ್ನಲಿಲ್ಲ. ಹೌದೆನ್ನಲೂ ಇಲ್ಲ.

ಅವನು ಹಗ್ಗ ಎಳೆದ.

ಗೋಡೆಗಳೇ ಕೂಗಿದಂತಾಯಿತು. ಗಂಟೆಗೋಪುರದ ಕಾಗೆಗಳು ಒಮ್ಮೆಲೇ ಎದ್ದು ಅರಚಿದವು. ಟೋಮೋ ನನ್ನ ಎದೆಯ ಮೇಲೆ ಬೆಚ್ಚಿ, ಕೈಕಾಲು ಸೆಟೆದು, ಉಸಿರು ಕಟ್ಟಿ ಚೀರತೊಡಗಿದ. ಅಜ್ಜ ಮತ್ತೆ ಎಳೆದ.

ಮಾಬ್ಲಿ ಮೊಲದ ಕಿವಿ ಸವರುತ್ತಿದ್ದಳು.

ಗಂಟೆಯ ಕೊನೆಯ ಗುಂಯ್‌ ಅಡಗುವವರೆಗೂ ಸವರುತ್ತಿದ್ದಳು. ಆಮೇಲೆ ಬೇಸರವಾಗಿ ಈ ಕಡೆ ತಿರುಗಿದವಳಿಗೆ ಟೋಮೋನ ಕೆಂಪೇರಿದ ಮುಖ ಕಂಡಿತು. ಗಾಬರಿಯಿಂದ ಓಡಿ ಬಂದು, ತುದಿಗಾಲಲ್ಲಿ ನಿಂತು, ಅವನ ಕೆನ್ನೆಗೆ ಕೈಯಿಟ್ಟಳು. ಏಕೆ ಅಳುತ್ತಿದ್ದಾನೆಂದು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ನನ್ನ ಮಗ ಅಷ್ಟು ಜೋರಾಗಿ ಬೆಚ್ಚಿದ್ದಕ್ಕೆ ನನಗೆ ಆ ಹೊತ್ತು ಎಷ್ಟು ನೆಮ್ಮದಿಯಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಅವನ ಬಾಯಿ ಮುಚ್ಚಿಸಲು ನಾನು ಅವನನ್ನು ಎದೆಗೊತ್ತಿಕೊಂಡೆ.

“ಯಾವಾಗಿಂದ ಗೊತ್ತಿತ್ತು?” ಹೆಲೆದ್ ಕೇಳಿದಳು. ಅಜ್ಜನನ್ನಲ್ಲ, ನೆಲವನ್ನು ಕೇಳಿದಂತೆ.

“ನಾಯಿ ಬಂದಾಗಿಂದ. ಕ್ರಿಸ್‌ಮಸ್ ಮುಗಿದಿತ್ತು, ಅಷ್ಟೇ.”

“ಈಗ ಮಾರ್ಚ್.”

“ಹೌದಮ್ಮ. ಆಸ್ಪತ್ರೆಗೆ ನಾನು ಕಾರಲ್ಲಿ ಕರ್ಕೊಂಡ್...”

“ಬೇಡ.”

ಅವಳು ಮಗಳನ್ನು ಎತ್ತಿಕೊಂಡು ಹೊರಟಳು. ನೇರ ಹೋಗಲಿಲ್ಲ, ಮುಳ್ಳುಮರದ ಬಳಿ ನಿಂತು ಮಾಬ್ಲಿಯ ಕಾಲುಚೀಲಗಳನ್ನೆಲ್ಲ ಹುಡುಕಿ ಹುಡುಕಿ ಬಿಚ್ಚಿದಳು. ಮಳೆಗೆ ಗಂಟು ಬಿಗಿದಿದ್ದವು, ಉಗುರಿನಿಂದ, ಹಲ್ಲಿನಿಂದ ಬಿಚ್ಚಿದಳು. ಕೈಗೆ ಮುಳ್ಳು ತರಚಿತು. ಅಜ್ಜ ಸಹಾಯಕ್ಕೆ ಹೋದವನು ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅವಳು ಅಂಗಡಿಗೆ ಬರಲಿಲ್ಲ, ನಿಲ್ದಾಣದಲ್ಲಿ ಗಾಳಿಗೆ ಬೆನ್ನು ಮಾಡಿ ಕೂತಿದ್ದಳು. ಅಜ್ಜಿ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದ ರೊಟ್ಟಿ ಹಾಗೇ ವಾಪಸು ಬಂತು.

ಅಲ್ಲಿಂದ ಮುಂದೆ ಅಜ್ಜ ಬಂದವರಿಗೆಲ್ಲ ನಿಜ ಹೇಳಲು ಶುರುಮಾಡಿದ. ಚರ್ಚು ತೋರಿಸುವನು, ಮೋಟುಗೋಪುರ ತೋರಿಸುವನು, ಕಲ್ಲುಚಪ್ಪಡಿ ತೋಳವಲ್ಲ, ಯಾರದೋ ಸಮಾಧಿ ಎನ್ನುವನು. ಹೊಂಡದ ಬಳಿ, “ಇದು ಹಾಲು ತಣ್ಣಗಿಡೋ ಜಾಗ, ಸಾಧ್ವಿ ಕತೆ ನಾನು ಹೊಸೆದದ್ದು,” ಎನ್ನುವನು. ಜನ ನಕ್ಕು ಒಬ್ಬರನ್ನೊಬ್ಬರು ನೋಡುತ್ತಿದ್ದರು. “ಎಷ್ಟು ವಿನಯ!” ಎಂದಳು ಒಬ್ಬಾಕೆ, ಮತ್ತು ತನ್ನ ಮೊಮ್ಮಗನ ಕಾಲುಚೀಲ ಕಟ್ಟಿದಳು. ಅಜ್ಜ ಅಟ್ಟದಿಂದ ಅಪ್ಪನ ಕಾಲದ ತುಕ್ಕು ಹಿಡಿದ ಕ್ಯಾನು ಇಳಿಸಿ ತಂದು ಹೊಂಡದಲ್ಲಿಟ್ಟ, ಸಾಕ್ಷಿಗೆ. ಒಂದೆರಡು ವಾರದಲ್ಲಿ ಜನ ಆ ಕ್ಯಾನನ್ನೂ ಮುಟ್ಟಿ ಕಣ್ಣು ಮುಚ್ಚತೊಡಗಿದರು.

“ನೋಡಿದ್ಯಾ,” ಎಮ್ರಿಸ್ ಹೇಳಿದ, “ಕೊಲ್ಲೋಕೆ ಹೋದ್ರೂ ಸಾಯಲ್ಲ ನಿನ್ ಮಗಳು.” ಅಜ್ಜ ಅವನ ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಅಜ್ಜಿಗೆ ಹೆಲೆದ್‌ಳ ಊರು ಗೊತ್ತಿತ್ತು, ಬೀದಿ ಗೊತ್ತಿರಲಿಲ್ಲ. ಶನಿವಾರ ಬಸ್ಸು ಬರುವ ಹೊತ್ತಿಗೆ ಅಜ್ಜ ಬಾಗಿಲಿಗೆ ಬಂದು ನಿಲ್ಲುವನು. ಯಾರೂ ಇಳಿಯದಿದ್ದರೆ ಒಳಗೆ ಹೋಗುವನು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಚಾಪೆಲ್‌ನಲ್ಲಿ ಹಾಡುವಾಗ ಅವನ ದನಿ ಕೇಳಿಸುತ್ತಿರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. “ಕ್ಷಮ್ಸಿದೀವಲ್ಲಪ್ಪಾ, ಇನ್ನೂ ಯಾಕೆ ಹೊತ್ಕೊಂಡಿದೀಯಾ?” ಎಂದು ಹ್ಯೂ ಒಮ್ಮೆ ರೇಗಿದ. ಅಜ್ಜ, “ನನ್ ತಪ್ಪೊಪ್ಪಿಗೆ ನೀವು ಇಸ್ಕೊಂಡ್ರಿ, ಅದು ನಿಮ್ಮದಾಗಿರ್ಲಿಲ್ಲ,” ಎಂದ. ಹ್ಯೂಗೆ ಅರ್ಥವಾಗಲಿಲ್ಲ.

ಆಗಸ್ಟ್ ಕೊನೆಯಲ್ಲಿ, ಕಾಡುಹೂ ಅರಳಿ ಬೆಟ್ಟವೆಲ್ಲ ನೇರಳೆಯಾಗಿದ್ದಾಗ, ಒಂದು ಶನಿವಾರ ಹೆಲೆದ್ ಬಸ್ಸಿಳಿದಳು. ಮಾಬ್ಲಿಯ ಗುಂಗುರು ಕೂದಲನ್ನು ಹಿಂದಕ್ಕೆ ಕಟ್ಟಿದ್ದಳು. ಎರಡೂ ಕಿವಿಯ ಹಿಂದೆ ಬೀನ್ಸ್ ಬೀಜದಷ್ಟು ದೊಡ್ಡ ಶ್ರವಣಯಂತ್ರ, ನೀಲಿ ಬಣ್ಣದ್ದು. ಹೆಲೆದ್ ಬಾಗಿಲಲ್ಲಿದ್ದ ಅಜ್ಜನನ್ನು ದಾಟಿ ಒಳಗೆ ಹೋಗಿ, “ಬೀಗದಕೈ ಕೊಡಿ,” ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಮೊಳೆಯಿಂದ ತೆಗೆದು ಕೊಟ್ಟಳು, ಚಹಾ ಬೇಕೇ ಎಂದೂ ಕೇಳಲಿಲ್ಲ. ತಾಯಿ ಮಗಳು ಚರ್ಚಿನ ಕಡೆ ಹೋದರು. ಅಜ್ಜ ಚರ್ಚಿನ ಅಂಗಳದ ಗೇಟಿನವರೆಗೆ ಹಿಂದೆ ಹೋಗಿ ಅಲ್ಲೇ ನಿಂತ. ನಾನು ಅವನ ಹಿಂದೆ.

ಗಂಟೆ ಒಮ್ಮೆ ಬಡಿಯಿತು, ಅಳತೆ ತಪ್ಪಿದ ಕೈಯ ಬಡಿತ. ಕಾಗೆಗಳೆದ್ದವು. ಅದರ ಬೆನ್ನಿಗೇ ಒಂದು ಮಗುವಿನ ಚೀರಾಟ.

ಮಾಬ್ಲಿ ಹೊರಗೆ ಓಡಿ ಬಂದಳು. ಎರಡೂ ಕೈ ಕಿವಿಯ ಮೇಲೆ, ಕಣ್ಣಲ್ಲಿ ನೀರು, ಭಯಕ್ಕಿಂತ ಸಿಟ್ಟೇ ಹೆಚ್ಚು. ಓಡಿ ಬಂದವಳು ಎದುರಿಗೆ ಸಿಕ್ಕ ಅಜ್ಜನ ಕಾಲಿಗೆ ಡಿಕ್ಕಿ ಹೊಡೆದು ನಿಂತಳು. ಒಂದು ಕಿವಿಯ ಯಂತ್ರವನ್ನು ಕಿತ್ತು ತೆಗೆದು ಅವನ ಅಂಗೈಯಲ್ಲಿಟ್ಟಳು, ಇದು ನಿನ್ನದು, ನೀನೇ ಇಟ್ಟುಕೋ ಎನ್ನುವಂತೆ. ಅಜ್ಜ ಬೆರಳು ಮುಚ್ಚಿದ. ಮುಷ್ಟಿಯೊಳಗೆ ಅದು ಸಣ್ಣಗೆ ಸಿಳ್ಳು ಹಾಕತೊಡಗಿತು; ಇಂಥ ಯಂತ್ರವನ್ನು ಮುಚ್ಚಿ ಹಿಡಿದರೆ ತನ್ನ ಸದ್ದೇ ತನಗೆ ಕೇಳಿ ಕೂಗುತ್ತದಂತೆ. ಅವನು ಗಾಬರಿಯಾಗಿ ಕೈ ತೆರೆದ, ಮುಚ್ಚಿದ. ಮುಚ್ಚಿದಾಗಲೆಲ್ಲ ಅದು ಕೂಗುತ್ತಿತ್ತು.

ಹೆಲೆದ್ ನಿಧಾನ ನಡೆದು ಬಂದಳು.

“ಸ್ವಲ್ಪ ಕೇಳ್ಸತ್ತೆ ಈಗ,” ಎಂದಳು. “ಗಂಟೆಯಷ್ಟು ಜೋರಾಗಿದ್ರೆ ಹೆದರ್ಕೋತಾಳೆ. ಮಾತು ಇನ್ನೂ ಬಂದಿಲ್ಲ. ಬರತ್ತಂತೆ, ಎಷ್ಟು ಅಂತ ಹೇಳಕ್ಕಾಗಲ್ವಂತೆ. ಮೊದ್ಲೇ ಬಂದಿದ್ರೆ ಚೆನ್ನಾಗಿರ್ತಿತ್ತು ಅಂದ್ರು ಡಾಕ್ಟ್ರು.”

“ತಪ್ಪೆಲ್ಲ ನಂದಮ್ಮ,” ಎಂದ ಅಜ್ಜ.

“ಎಲ್ಲಾ ಅಲ್ಲ.” ಅವಳ ದನಿ ಗಟ್ಟಿಯಾಗಿತ್ತು. “ನಿಮ್ಮ ಕತೆ ಕೇಳೋಕ್ಕಿಂತ ಮುಂಚೆನೇ ನನಗೆ ಗೊತ್ತಿತ್ತು. ಗೊತ್ತಿದ್ದಕ್ಕೇ ಇಲ್ಲಿಗೆ ಬಂದಿದ್ದು. ಅದು ನನ್ನ ಪಾಲು, ಅದನ್ನ ನಾನು ಹೊತ್ಕೋತೀನಿ, ನೀವು ಕಿತ್ಕೊಳ್ಬೇಡಿ. ಆದ್ರೆ ನಾಯಿ ನೋಡಿದ ಮೇಲಿನ ದಿನಗಳಿದ್ವಲ್ಲ, ಅವು ನಿಮ್ಮವು. ಅವನ್ನ ನಾನು ಕ್ಷಮ್ಸಲ್ಲ ಇಡ್ವಾಲವ್ರೇ. ಅಷ್ಟು ಹೇಳ್ಹೋಗೋಣ ಅಂತ ಬಂದೆ.”

ಅಜ್ಜ ತಲೆಯಾಡಿಸಿದ. ವಿಚಿತ್ರವೆಂದರೆ, ಚಾಪೆಲ್‌ನ ಹಾಡಿನಲ್ಲಿ ಹಗುರಾಗಿದ್ದ ಆ ಮನುಷ್ಯ ಈ ಮಾತಿಗೆ ಎರಡೂ ಕಾಲು ನೆಲಕ್ಕೆ ಊರಿ ನೆಟ್ಟಗೆ ನಿಂತ, ಯಾರೋ ಅವನ ಕೈಗೆ ಅವನದೇ ಸಾಮಾನನ್ನು ಕೊಟ್ಟ ಹಾಗೆ. “ಸರಿ,” ಎಂದ. “ಅವು ನನ್ನವು.”

ಮುಷ್ಟಿಯೊಳಗಿನ ಸಿಳ್ಳು ನಿಂತಿರಲಿಲ್ಲ. ಅವನು ಕೈ ಮುಂದೆ ಚಾಚಿದ. ಹೆಲೆದ್ ಯಂತ್ರವನ್ನು ತೆಗೆದುಕೊಂಡು, ಬಗ್ಗಿ, ಮಗಳ ಕಿವಿಗೆ ಮತ್ತೆ ಕೂರಿಸಿದಳು.